ಎರಡೇ ವರ್ಷ ಮಿಲಿಟರಿ ಬರಲಿ ಎನ್ನುವವರಿಗೆ

ಕಳೆದ ವರ್ಷ ಫೆಲೋಶಿಪ್ ನವೀಕರಣಕ್ಕೆ ಆದಾಯ ಪ್ರಮಾಣ ಪತ್ರ ಬೇಕಾಗಿ ನಮ್ಮ ಕಡೆಯ ಒಂದು ಕಚೇರಿಗೆ ಮೂರು ದಿನ ಅಲೆದೆ. ಮೊದಲ ದಿನ ಸರ್ವರ್ ಇರಲಿಲ್ಲ. ಎರಡನೆಯ ದಿನ ಸಾಹೇಬರು ಇರಲಿಲ್ಲ. ಮೂರನೆಯ ದಿನ ಸರ್ವರ್ರೂ ಇತ್ತು, ಸಾಹೇಬರೂ ಇದ್ದರು. ನನ್ನ ಅರ್ಜಿ ಇರಲಿಲ್ಲ. ಹೊರಗೆ ಜೆರಾಕ್ಸ್ ಅಂಗಡಿಯ ಹುಡುಗ "ಐನೂರು ಕೊಟ್ರೆ ಸಿಗುತ್ತೆ" ಅಂದ. ಕೊಟ್ಟೆ. ಸಿಕ್ಕಿತು.

ಸಂಜೆ ಜಗಲಿಯ ಮೇಲೆ ಕೂತು ಇದನ್ನು ಹೇಳಿದಾಗ ಚಿಕ್ಕಪ್ಪ ತೊಡೆ ತಟ್ಟಿಕೊಂಡರು: "ನೋಡು ಮಗಾ, ಈ ದೇಶಕ್ಕೆ ಎರಡೇ ಎರಡು ವರ್ಷ ಮಿಲಿಟರಿ ಬರ್ಬೇಕು. ಆಮೇಲೆ ಯಾವನಾದ್ರೂ ಲಂಚ ಕೇಳ್ತಾನಾ ನೋಡು." ಪಕ್ಕದ ಮನೆಯ ನಿವೃತ್ತ ಹವಾಲ್ದಾರರೂ ಅಲ್ಲೇ ಇದ್ದರು. ಅವರು ಒಪ್ಪಲಿಲ್ಲ. "ಗಡಿ ಕಾಯೋರ್ನ ತಂದು ಕಂದಾಯಕ್ಕೆ ಕೂರಿಸಿದ್ರೆ ಗಡೀನೂ ಹೋಯ್ತದೆ, ಕಂದಾಯಾನೂ ಹೋಯ್ತದೆ ಕಣಪ್ಪ" ಎಂದು ಬೀಡಿ ಹಚ್ಚಿದರು. ಸುಳ್ಳು ಹೇಳಿ ಏನು ಬಂತು, ಆ ಸಂಜೆ ನನಗೆ ಚಿಕ್ಕಪ್ಪನ ಮಾತೇ ಸರಿ ಎನ್ನಿಸಿತ್ತು. ಜೇಬಿನಿಂದ ಐನೂರು ಹೋದ ಸಂಕಟ ಹಾಗಿತ್ತು.

ಈ ಮಾತು ನಮ್ಮ ಜಗಲಿಯದು ಮಾತ್ರವಲ್ಲ. ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಕೇಳಿದ್ದೇನೆ. ನಮ್ಮ ಸಂಶೋಧನಾ ವಿದ್ಯಾರ್ಥಿಗಳ ಹಾಸ್ಟೆಲ್ ಮೆಸ್ಸಿನಲ್ಲೂ ಕೇಳಿದ್ದೇನೆ. ಅದರ ಒಳಗೆ ಮೂರು ನಂಬಿಕೆಗಳಿವೆ: ಸೈನಿಕನಿಗೆ ದುರಾಸೆ ಇರುವುದಿಲ್ಲ, ಬಂದೂಕಿನ ಭಯಕ್ಕೆ ಕಳ್ಳತನ ನಿಲ್ಲುತ್ತದೆ, ಕೆಲಸ ಮುಗಿದ ಮೇಲೆ ಅವರು ಬ್ಯಾರಕ್ಕಿಗೆ ವಾಪಸ್ಸಾಗುತ್ತಾರೆ. ಮೂರನ್ನೂ ಪರೀಕ್ಷೆ ಮಾಡಿ ನೋಡಿದ ದೇಶವೊಂದು ನಮ್ಮ ಪಕ್ಕದಲ್ಲೇ ಇದೆ. ನಮಗೂ ಅದಕ್ಕೂ 1,643 ಕಿಲೋಮೀಟರ್ ಗಡಿ ಇದೆ. 1989ರಲ್ಲಿ ಅಲ್ಲಿನ ಜನರಲ್‌ಗಳು ದೇಶದ ಹೆಸರನ್ನು ಮ್ಯಾನ್ಮಾರ್ ಎಂದು ಬದಲಿಸಿದರು. ನಮ್ಮ ಕಡೆ ಬಾಗಿಲಿಗೆ ಹಾಕುವ ತೇಗಕ್ಕೆ ಮಾತ್ರ ಇನ್ನೂ ಹಳೆಯ ಹೆಸರೇ. ನಾನೂ ಬರ್ಮಾ ಎಂದೇ ಕರೆಯುತ್ತೇನೆ.

*

ಚಿಕ್ಕಪ್ಪ ಕೇಳಿದ್ದು ಎರಡು ವರ್ಷ. ಬರ್ಮಾದವರು ಮೊದಲ ಸಲ ಕೊಟ್ಟದ್ದು ಆರೇ ತಿಂಗಳು.

1948ರಲ್ಲಿ ಸ್ವತಂತ್ರವಾದ ದೇಶ ಅದು. ಹತ್ತು ವರ್ಷ ಕಳೆಯುವಷ್ಟರಲ್ಲಿ ಆಳುವ ಪಕ್ಷ ಎರಡು ಹೋಳಾಗಿತ್ತು, ಕಾಡಿನಲ್ಲಿ ಕಮ್ಯುನಿಸ್ಟರೂ ಕರೆನ್ ಬಂಡುಕೋರರೂ ಇದ್ದರು, ರಾಜಕಾರಣಿಗಳ ಕಚ್ಚಾಟಕ್ಕೆ ಜನ ಬೇಸತ್ತಿದ್ದರು. 1958ರ ಅಕ್ಟೋಬರ್‌ನಲ್ಲಿ ಪ್ರಧಾನಿ ಊ ನು ಅವರು ಸೇನಾ ಮುಖ್ಯಸ್ಥ ನೆ ವಿನ್ ಕೈಗೆ ಅಧಿಕಾರ ಒಪ್ಪಿಸಿದರು. ಚುನಾವಣೆಗೆ ಹದ ಮಾಡಿಕೊಡಲು ಆರು ತಿಂಗಳ ಉಸ್ತುವಾರಿ ಸರ್ಕಾರ ಎಂಬುದು ಒಪ್ಪಂದ. ಆರು ತಿಂಗಳು ಹದಿನೆಂಟಾಯಿತು. ಅಷ್ಟರಲ್ಲಿ ರಂಗೂನಿನ ರಸ್ತೆಗಳ ಕಸ ಹೋಯಿತು. ನಗರದ ನಡುವೆ ಗುಡಿಸಲು ಹಾಕಿಕೊಂಡಿದ್ದ ಬಡವರನ್ನು ಎತ್ತಿ ಹೊರವಲಯಕ್ಕೆ ಸಾಗಿಸಲಾಯಿತು. ಸಾಮಾನಿನ ಬೆಲೆ ಇಳಿಯಿತು. ಹೊರದೇಶದ ಪತ್ರಕರ್ತರು ಭೇಷ್ ಎಂದರು. 1960ರ ಚುನಾವಣೆಯಲ್ಲಿ ಜನ ಸೇನೆಯ ಮೆಚ್ಚಿನ ಬಣವನ್ನು ಸೋಲಿಸಿ ಊ ನು ಅವರನ್ನೇ ಗೆಲ್ಲಿಸಿದರು, ನೆ ವಿನ್ ಅಧಿಕಾರ ಹಿಂದಿರುಗಿಸಿದ. ಕಥೆ ಇಲ್ಲಿಗೇ ನಿಂತಿದ್ದರೆ ಚಿಕ್ಕಪ್ಪನ ಮಾತೇ ಗೆಲ್ಲುತ್ತಿತ್ತು.

ಆದರೆ ಆ ಹದಿನೆಂಟು ತಿಂಗಳಲ್ಲಿ ಇನ್ನೊಂದು ಕೆಲಸವೂ ನಡೆದಿತ್ತು. 1951ರಲ್ಲಿ ಸೈನಿಕರಿಗೆ ತೆರಿಗೆಯಿಲ್ಲದೆ ಸಾಮಾನು ಕೊಡಲು ಒಂದು ಸಂಸ್ಥೆ ಶುರುವಾಗಿತ್ತು. ನಮ್ಮೂರಿನ ಭಾಷೆಯಲ್ಲಿ ಹೇಳುವುದಾದರೆ ಮಿಲಿಟರಿ ಕ್ಯಾಂಟೀನು. ಉಸ್ತುವಾರಿ ಸರ್ಕಾರ ಮುಗಿಯುವ ಹೊತ್ತಿಗೆ ಆ ಕ್ಯಾಂಟೀನಿನ ಕೈಯಲ್ಲಿ ಬ್ಯಾಂಕು, ಹಡಗು, ಆಮದು ರಫ್ತು, ರಂಗೂನಿನ ದೊಡ್ಡ ಅಂಗಡಿಮಳಿಗೆ ಎಲ್ಲವೂ ಇದ್ದವು. ದೇಶದ ಅತಿ ದೊಡ್ಡ ವ್ಯಾಪಾರಿ ಈಗ ಸೈನ್ಯ. ದಕ್ಷತೆಯೊಂದಿಗೆ ಅದಕ್ಕೆ ಗಲ್ಲಾಪೆಟ್ಟಿಗೆಯ ರುಚಿಯೂ ಹತ್ತಿತ್ತು. 1962ರ ಮಾರ್ಚ್ 2ರ ಬೆಳಗಿನ ಜಾವ ಸೈನ್ಯ ಮತ್ತೆ ಬಂತು, ಈ ಸಲ ಯಾರೂ ಕರೆದಿರಲಿಲ್ಲ. ಪ್ರಧಾನಿ ಜೈಲಿಗೆ, ಮುಖ್ಯ ನ್ಯಾಯಮೂರ್ತಿ ಜೈಲಿಗೆ, ಸಂಸತ್ತಿಗೆ ಬೀಗ, ಸಂವಿಧಾನ ಕಸದ ಬುಟ್ಟಿಗೆ. ಹದಿನೆಂಟು ತಿಂಗಳಿಗೆ ಬಂದು ಹೋದವರು ಎರಡನೆಯ ಸಲ ಬಂದು ಸುಮಾರು ಐವತ್ತು ವರ್ಷ ಕೂತರು. ಮೊದಲ ಸಲದ ಒಳ್ಳೆಯ ಹೆಸರು ಎರಡನೆಯ ಸಲಕ್ಕೆ ಬಂಡವಾಳವಾಯಿತು.

*

ಇನ್ನು ಲಂಚದ ವಿಚಾರ. ನಾವು ಭ್ರಷ್ಟಾಚಾರ ಎಂದಾಗ ಕಣ್ಣ ಮುಂದೆ ಬರುವುದು ಮೇಜಿನ ಕೆಳಗಿನ ಕೈ. ಜನರಲ್‌ಗಳಿಗೆ ಮೇಜಿನ ಕೆಳಗೆ ಕೈ ಚಾಚುವ ಅಗತ್ಯವಿಲ್ಲ, ಮೇಜೇ ಅವರದು. ಅಲ್ಲಿನ ಕಳ್ಳತನ ನಡೆದದ್ದು ಗೆಜೆಟ್ ಹೊರಡಿಸಿ, ಲೆಕ್ಕಪುಸ್ತಕದಲ್ಲಿ ಬರೆದು.

ಮೊದಲು ನೋಟಿನ ಕಥೆ. 1964ರಲ್ಲಿ 50 ಮತ್ತು 100 ಚಾಟ್‌ನ ನೋಟು ರದ್ದಾದವು. 1985ರಲ್ಲಿ ಇನ್ನೊಂದು ಸುತ್ತು. 1987ರ ಸೆಪ್ಟೆಂಬರ್ 5ರಂದು 25, 35 ಮತ್ತು 75 ಚಾಟ್‌ನ ನೋಟುಗಳನ್ನು ನೆ ವಿನ್ ಒಂದೇ ಏಟಿಗೆ ಕಾಗದ ಮಾಡಿದ. ಈ ಸಲ ಬದಲಾಯಿಸಿಕೊಳ್ಳಲು ಅವಕಾಶವೇ ಇಲ್ಲ. ಬ್ಯಾಂಕಿನ ಮುಂದೆ ಸಾಲು ನಿಲ್ಲುವ ಭಾಗ್ಯವೂ ಇಲ್ಲ. ಚಲಾವಣೆಯಲ್ಲಿದ್ದ ಹಣದ ಅರ್ಧಕ್ಕಿಂತ ಹೆಚ್ಚು ಒಂದು ಬೆಳಗಿಗೆ ಸತ್ತುಹೋಯಿತು. ಆಮೇಲೆ ಬಂದ ಹೊಸ ನೋಟುಗಳು 45 ಮತ್ತು 90ರವು, ಏಕೆಂದರೆ ಸರ್ವಾಧಿಕಾರಿಗೆ ಒಂಬತ್ತು ಶುಭಸಂಖ್ಯೆ. ಗೋಣಿಚೀಲದಲ್ಲಿ ಭತ್ತ ಮಾರಿದ ಹಣ ಇಟ್ಟಿದ್ದ ರೈತ, ಪರೀಕ್ಷಾ ಶುಲ್ಕ ಕೂಡಿಟ್ಟಿದ್ದ ವಿದ್ಯಾರ್ಥಿ, ಇಬ್ಬರೂ ಆ ಒಂಬತ್ತರ ಭಕ್ತಿಗೆ ಕಾಣಿಕೆ ಹಾಕಿದರು. ಯುದ್ಧಕ್ಕೆ ಮೊದಲು ಜಗತ್ತಿನಲ್ಲೇ ಅತಿ ಹೆಚ್ಚು ಅಕ್ಕಿ ರಫ್ತು ಮಾಡುತ್ತಿದ್ದ ದೇಶವನ್ನು ಅದೇ ವರ್ಷದ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆ ಅತಿ ಹಿಂದುಳಿದ ದೇಶಗಳ ಪಟ್ಟಿಗೆ ಸೇರಿಸಿತು.

ಎರಡನೆಯದು ಗ್ಯಾಸಿನ ಕಥೆ. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಇಷ್ಟು ಚೊಕ್ಕಟವಾದ ಕಳ್ಳತನ ಅಪರೂಪ. ಬರ್ಮಾದಲ್ಲಿ ಡಾಲರಿಗೆ ಎರಡು ಬೆಲೆ ಇತ್ತು. ಸರ್ಕಾರಿ ಬೆಲೆ ಸುಮಾರು 6 ಚಾಟ್. ಬೀದಿಯ ಬೆಲೆ 2000ದ ನಂತರದ ವರ್ಷಗಳಲ್ಲಿ ಸುಮಾರು 1,000 ಚಾಟ್. ಸಮುದ್ರದಾಳದ ಗ್ಯಾಸನ್ನು ಥೈಲ್ಯಾಂಡಿಗೆ ಮಾರಿ 100 ಡಾಲರ್ ಬಂತೆನ್ನಿ. ಖಜಾನೆಯ ಪುಸ್ತಕದಲ್ಲಿ ಸರ್ಕಾರಿ ಬೆಲೆಗೆ ಬರೆದರು: 600 ಚಾಟ್. ಬೀದಿಯಲ್ಲಿ ಆ ನೂರು ಡಾಲರಿಗೆ ಒಂದು ಲಕ್ಷ ಚಾಟ್ ಸಿಗುತ್ತದೆ. ಪುಸ್ತಕದ ಲೆಕ್ಕ ಚುಕ್ತಾ, ಒಂದು ಅಕ್ಷರ ತಪ್ಪಿಲ್ಲ. ಉಳಿದ 99,400 ಚಾಟ್ ಎಲ್ಲಿ ಎಂದು ಕೇಳುವವರಿಲ್ಲ. ಎ‍ರ್ತ್‌ರೈಟ್ಸ್ ಎಂಬ ಸಂಸ್ಥೆ 2009ರಲ್ಲಿ ಅಂದಾಜು ಮಾಡಿದಂತೆ, ಒಂದೇ ಗ್ಯಾಸ್ ಯೋಜನೆಯಿಂದ 2000ದಿಂದ 2008ರ ನಡುವೆ ಸೇನಾಡಳಿತಕ್ಕೆ ಬಂದದ್ದು 480 ಕೋಟಿ ಡಾಲರಿಗೂ ಹೆಚ್ಚು. ಬಜೆಟ್ಟಿನಲ್ಲಿ ಕಾಣಿಸಿಕೊಂಡದ್ದು 3 ಕೋಟಿ ಡಾಲರಿಗೂ ಕಡಿಮೆ. ಇದೇ ಅವಧಿಯ ಆರಂಭದಲ್ಲಿ, 2000ದಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 191 ದೇಶಗಳ ಆರೋಗ್ಯ ವ್ಯವಸ್ಥೆಯನ್ನು ಅಳೆದಾಗ ಬರ್ಮಾ 190ನೆಯದಾಗಿತ್ತು.

ಮೂರನೆಯದು ಕಂಪನಿಗಳ ಕಥೆ. ಹಳೆಯ ಕ್ಯಾಂಟೀನು ಹೊಸ ಅವತಾರ ಎತ್ತಿತು: 1990ರಲ್ಲಿ ಒಂದು, 1997ರಲ್ಲಿ ಇನ್ನೊಂದು, ಸೈನ್ಯದ್ದೇ ಎರಡು ದೈತ್ಯ ಕಂಪನಿಗಳು. ಬಿಯರು, ಸಿಗರೇಟು, ಬ್ಯಾಂಕು, ಬಂದರು, ಮೊಬೈಲು, ಹಸಿರು ಜೇಡ್ ಕಲ್ಲು, ಮಾಣಿಕ್ಯ. 2019ರಲ್ಲಿ ವಿಶ್ವಸಂಸ್ಥೆಯ ಸತ್ಯಶೋಧನಾ ತಂಡ ಎಣಿಸಿದಾಗ ಈ ಎರಡರ ಒಡೆತನದಲ್ಲಿ ಕನಿಷ್ಠ 106 ಉದ್ಯಮಗಳಿದ್ದವು. ಜೇಡ್ ಗಣಿಗಳಿರುವ ಪಾಕಾಂತ್‌ನಲ್ಲಿ 2020ರ ಜುಲೈನಲ್ಲಿ ಗಣಿಯ ಮಣ್ಣುಗುಡ್ಡ ಕುಸಿದು 150ಕ್ಕೂ ಹೆಚ್ಚು ಜನ ಸತ್ತರು. ಅವರೆಲ್ಲ ಕಂಪನಿಗಳು ಸುರಿದ ತ್ಯಾಜ್ಯದ ರಾಶಿಯಲ್ಲಿ ಅಳಿದುಳಿದ ಕಲ್ಲು ಹುಡುಕುತ್ತಿದ್ದ ಬಡವರು. ಆ ಕಲ್ಲಿನ ವ್ಯಾಪಾರ 2014ರ ಒಂದೇ ವರ್ಷದಲ್ಲಿ 3,100 ಕೋಟಿ ಡಾಲರಿನಷ್ಟಿರಬಹುದು, ಎಂದರೆ ದೇಶದ ಒಟ್ಟು ಉತ್ಪನ್ನದ ಅರ್ಧದ ಹತ್ತಿರ, ಎಂದು ಗ್ಲೋಬಲ್ ವಿಟ್ನೆಸ್ ಸಂಸ್ಥೆ ಹೇಳಿತ್ತು. ಲಾಭ ಪಡೆದವರ ಪಟ್ಟಿಯಲ್ಲಿ ಹಿಂದಿನ ಸರ್ವಾಧಿಕಾರಿ ಥಾನ್ ಶ್ವೆಯ ಕುಟುಂಬವೂ ಇತ್ತು. ಇದೇ ಥಾನ್ ಶ್ವೆಯ ಮಗಳ ಮದುವೆಯ ವಿಡಿಯೋ 2006ರಲ್ಲಿ ಹೊರಬಿದ್ದಾಗ ಮೈತುಂಬ ವಜ್ರ ಹೇರಿಕೊಂಡ ಮದುಮಗಳನ್ನು ಇಡೀ ದೇಶ ಕದ್ದು ನೋಡಿತು.

2007ರಲ್ಲಿ ಜಗತ್ತಿನ ದೇಶಗಳ ಭ್ರಷ್ಟಾಚಾರವನ್ನು ಅಳೆದ ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್‌ನ ಪಟ್ಟಿಯಲ್ಲಿ ತೀರಾ ಕೊನೆಯ ಸ್ಥಾನವನ್ನು ಎರಡು ದೇಶಗಳು ಹಂಚಿಕೊಂಡವು. ಒಂದು ಸೊಮಾಲಿಯಾ, ಅಲ್ಲಿ ಸರ್ಕಾರ ಹೆಸರಿಗಷ್ಟೇ ಇತ್ತು. ಇನ್ನೊಂದು ಬರ್ಮಾ, ಅಲ್ಲಿ 45 ವರ್ಷಗಳಿಂದ ಮಿಲಿಟರಿ ಇತ್ತು.

*

ಇದೆಲ್ಲ ನಡೆಯುವಾಗ ಯಾರೂ ಏಕೆ ಕೇಳಲಿಲ್ಲ? ಕೇಳಿದರು. ಕೇಳಿದವರಿಗೆ ಆದದ್ದು ಗೊತ್ತಾದರೆ ಭಯಕ್ಕೂ ಕಳ್ಳತನಕ್ಕೂ ಇರುವ ನಿಜವಾದ ಸಂಬಂಧ ಗೊತ್ತಾಗುತ್ತದೆ.

1962ರ ಜುಲೈ 7ರಂದು ರಂಗೂನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಹಾಸ್ಟೆಲ್ ನಿಯಮಗಳ ವಿರುದ್ಧ ಕೂಗು ಹಾಕಿದರು. ಹಾಸ್ಟೆಲ್ ನಿಯಮ! ಸೈನ್ಯ ಗುಂಡು ಹಾರಿಸಿತು. ಸರ್ಕಾರದ ಲೆಕ್ಕಕ್ಕೆ 15 ಹೆಣ, ವಿದ್ಯಾರ್ಥಿಗಳ ಲೆಕ್ಕಕ್ಕೆ ನೂರಕ್ಕೂ ಹೆಚ್ಚು. ಮರುದಿನ ಬೆಳಗ್ಗೆ ವಿದ್ಯಾರ್ಥಿ ಸಂಘದ ಕಟ್ಟಡಕ್ಕೆ ಡೈನಮೈಟ್ ಇಟ್ಟು ಉಡಾಯಿಸಿದರು. ಬ್ರಿಟಿಷರ ವಿರುದ್ಧದ ಹೋರಾಟಕ್ಕೆ ನಾಯಕರನ್ನು ಕೊಟ್ಟ ಸಂಘ ಅದು. ಬ್ರಿಟಿಷರು ಅದನ್ನು ಮುಟ್ಟಿರಲಿಲ್ಲ.

1988ರ ಮಾರ್ಚ್‌ನಲ್ಲಿ ಒಂದು ಚಹಾ ಅಂಗಡಿಯಲ್ಲಿ ಯಾವ ಕ್ಯಾಸೆಟ್ ಹಾಕಬೇಕೆಂಬ ಜಗಳ ಶುರುವಾಯಿತು. ವಿದ್ಯಾರ್ಥಿಯನ್ನು ಹೊಡೆದವನು ಆಳುವವರ ಕಡೆಯ ಹುಡುಗ, ಪೊಲೀಸರು ಬಿಟ್ಟುಬಿಟ್ಟರು. ಆರು ತಿಂಗಳ ಹಿಂದೆ ನೋಟು ಕಳೆದುಕೊಂಡಿದ್ದ ಹುಡುಗರಿಗೆ ಇಷ್ಟು ಸಾಕಾಯಿತು. ಬಂಧಿಸಿದ ವಿದ್ಯಾರ್ಥಿಗಳಲ್ಲಿ 41 ಮಂದಿ ಪೊಲೀಸ್ ವ್ಯಾನಿನೊಳಗೆ ಉಸಿರುಗಟ್ಟಿ ಸತ್ತರು. ಸರ್ಕಾರ ನಾಲ್ಕು ತಿಂಗಳ ಮೇಲೆ ಒಪ್ಪಿಕೊಂಡಿತು. ಜುಲೈನಲ್ಲಿ ಪದವಿ ಬಿಡುತ್ತೇನೆಂದು ಭಾಷಣ ಮಾಡಿದ ನೆ ವಿನ್, ಸೈನ್ಯ ಗಾಳಿಯಲ್ಲಿ ಗುಂಡು ಹಾರಿಸುವುದಿಲ್ಲ, ತಾಗುವಂತೆಯೇ ಹಾರಿಸುತ್ತದೆ ಎಂದು ಎಚ್ಚರಿಸಿ ಹೋದ. 1988ರ ಎಂಟನೆಯ ತಿಂಗಳ ಎಂಟನೆಯ ತಾರೀಕು ದೇಶವೇ ಬೀದಿಗೆ ಬಂತು: ಬಂದರಿನ ಕೂಲಿಗಳು, ದಾದಿಯರು, ಸನ್ಯಾಸಿಗಳು, ಗುಮಾಸ್ತರು. ಸೆಪ್ಟೆಂಬರ್ ವೇಳೆಗೆ ಸತ್ತವರು ಸುಮಾರು 3,000 ಎಂಬುದು ಸಾಮಾನ್ಯವಾಗಿ ಒಪ್ಪಿದ ಅಂದಾಜು. 1990ರ ಚುನಾವಣೆಯಲ್ಲಿ ಆಂಗ್ ಸಾನ್ ಸೂ ಕಿ ಅವರ ಪಕ್ಷ 485 ಸ್ಥಾನಗಳಲ್ಲಿ 392 ಗೆದ್ದಿತು. ಸೈನ್ಯ ಫಲಿತಾಂಶವನ್ನು ಮಡಿಚಿ ಜೇಬಿಗಿಟ್ಟುಕೊಂಡಿತು.

ಸಾಹಿತ್ಯ ಓದುವ ನಮ್ಮಂಥವರಿಗೆ ಇನ್ನೂ ಹತ್ತಿರದ ಉದಾಹರಣೆಗಳಿವೆ. ಬರ್ಮಾದಲ್ಲಿ ದಶಕಗಳ ಕಾಲ ಪ್ರತಿಯೊಂದು ಕಥೆ, ಕವಿತೆ, ಜಾಹೀರಾತು ಕೂಡ ಸೆನ್ಸಾರ್ ಮಂಡಳಿಯ ಮೇಜು ದಾಟಬೇಕಿತ್ತು. ಅಚ್ಚಾದ ಮೇಲೂ ಒಪ್ಪದ ಸಾಲುಗಳ ಮೇಲೆ ಮಸಿ ಬಳಿಯುತ್ತಿದ್ದರು, ಪುಟಗಳನ್ನೇ ಹರಿಯುತ್ತಿದ್ದರು. 2008ರಲ್ಲಿ ಸಾ ವಾಯ್ ಎಂಬ ಕವಿ ಪ್ರೇಮಿಗಳ ದಿನಕ್ಕೆಂದು ಒಂದು ಪತ್ರಿಕೆಯಲ್ಲಿ ಕವಿತೆ ಪ್ರಕಟಿಸಿದರು. ಸೆನ್ಸಾರ್ ಅಧಿಕಾರಿಗೆ ಅದು ಪ್ರೇಮಪದ್ಯವಾಗಿಯೇ ಕಂಡಿತು. ಓದುಗರು ಮಾತ್ರ ಪ್ರತಿ ಸಾಲಿನ ಮೊದಲ ಅಕ್ಷರ ಕೂಡಿಸಿ ಓದಿದರು: ಹಿರಿಯ ಜನರಲ್ ಥಾನ್ ಶ್ವೆಗೆ ಅಧಿಕಾರದ ಹುಚ್ಚು ಎಂಬ ಅರ್ಥ ಬರುತ್ತಿತ್ತು. ಪತ್ರಿಕೆ ಖಾಲಿಯಾಯಿತು, ಕವಿ ಜೈಲು ಸೇರಿದರು. ಪತ್ರಕರ್ತ ವಿನ್ ಟಿನ್ 19 ವರ್ಷ ಜೈಲಿನಲ್ಲಿದ್ದರು. ಕಾಗದ ಲೇಖನಿ ಕೊಡದಿದ್ದಾಗ ಇಟ್ಟಿಗೆ ಪುಡಿಯನ್ನು ನೀರಿನಲ್ಲಿ ಕಲಸಿ ಗೋಡೆಯ ಮೇಲೆ ಬರೆದರು. 2008ರಲ್ಲಿ ಬಿಡುಗಡೆಯಾದ ಮೇಲೂ, ಎಲ್ಲ ರಾಜಕೀಯ ಕೈದಿಗಳು ಹೊರಬರುವ ತನಕ ಎಂದು, ಸಾಯುವವರೆಗೆ ಜೈಲಿನ ನೀಲಿ ಬಣ್ಣದ ಅಂಗಿಯನ್ನೇ ತೊಟ್ಟರು.

ನನಗೆ ಇಲ್ಲಿ ಕಾಣುವುದು ಇಷ್ಟು. ಗ್ಯಾಸಿನ ಲೆಕ್ಕವನ್ನು 6 ಚಾಟ್‌ಗೆ ಬರೆಯಬೇಕಾದರೆ ಮೊದಲು ಪತ್ರಿಕೆಯ ಪುಟಕ್ಕೆ ಮಸಿ ಬಳಿಯಬೇಕು. ಸೆನ್ಸಾರ್ ಮಂಡಳಿಯೂ ಸೇನೆಯ ಕಂಪನಿಯೂ ಒಂದೇ ಅಂಗಡಿಯ ಮುಂಬಾಗಿಲು ಹಿಂಬಾಗಿಲು. ಭಯದಿಂದ ಕಳ್ಳತನ ನಿಲ್ಲುವುದಿಲ್ಲ, ಕಳ್ಳತನದ ಸುದ್ದಿ ನಿಲ್ಲುತ್ತದೆ. ನನ್ನ ಐನೂರು ರೂಪಾಯಿಯ ಕಥೆಯನ್ನು ಜಗಲಿಯ ಮೇಲೆ ಗಟ್ಟಿಯಾಗಿ ಹೇಳಲಾಗದ ದೇಶದಲ್ಲಿ ಲಂಚ ಇಲ್ಲವೆಂದೇ ಎಲ್ಲರೂ ಹೇಳುತ್ತಾರೆ. ಅದನ್ನೇ ನಾವು ಶಿಸ್ತು ಎಂದು ತಿಳಿಯುತ್ತೇವೆ.

*

ಹಾಗಾದರೆ ಜನ ಸುಮ್ಮನಿದ್ದರೆ? ಇಲ್ಲ. ಆಯುಧವಿಲ್ಲದವರು ಅಲ್ಲಿ ಹೂಡಿದ ಉಪಾಯಗಳನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ.

2007ರ ಆಗಸ್ಟ್‌ನಲ್ಲಿ ಸರ್ಕಾರ ರಾತ್ರೋರಾತ್ರಿ ಡೀಸೆಲ್ ಬೆಲೆಯನ್ನು ಎರಡು ಪಟ್ಟು, ಬಸ್ಸುಗಳ ಗ್ಯಾಸಿನ ಬೆಲೆಯನ್ನು ಐದು ಪಟ್ಟು ಏರಿಸಿತು. ಸೆಪ್ಟೆಂಬರ್‌ನಲ್ಲಿ ಸೈನಿಕರು ಪಕೊಕ್ಕು ಎಂಬ ಊರಲ್ಲಿ ಭಿಕ್ಕುಗಳಿಗೆ ಹೊಡೆದರು. ಕ್ಷಮೆ ಕೇಳಲು ಕೊಟ್ಟ ಗಡುವು ಮುಗಿದಾಗ ಸಾವಿರಾರು ಭಿಕ್ಕುಗಳು ಭಿಕ್ಷಾಪಾತ್ರೆಯನ್ನು ಬೋರಲು ಹಾಕಿದರು. ಬೌದ್ಧನಾದವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ: ನಿನ್ನ ಅನ್ನ ನಮಗೆ ಬೇಡ, ಆದ್ದರಿಂದ ನಿನಗೆ ಪುಣ್ಯವೂ ಇಲ್ಲ. ದೇವಾಲಯಗಳಿಗೆ ಚಿನ್ನದ ತಗಡು ಹೊದಿಸಿ ಪುಣ್ಯ ಸಂಪಾದಿಸುತ್ತಿದ್ದ ಜನರಲ್‌ಗಳಿಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಉತ್ತರವಾಗಿ ಬಂದದ್ದು ಮತ್ತೆ ಗುಂಡು. ಆ ದಿನಗಳಲ್ಲೇ ನಮ್ಮ ಕೇಂದ್ರದ ಪೆಟ್ರೋಲಿಯಂ ಸಚಿವರು ಗ್ಯಾಸ್ ಒಪ್ಪಂದಕ್ಕೆಂದು ಬರ್ಮಾದಲ್ಲಿದ್ದರು. ಬುದ್ಧ ಹುಟ್ಟಿದ ನೆಲಕ್ಕೆ ಹತ್ತಿರದವರು ನಾವೆಂದು ಹೇಳಿಕೊಳ್ಳುವಾಗ ಇದನ್ನೂ ನೆನೆಯೋಣ.

2021ರ ಫೆಬ್ರವರಿ 1ರಂದು ಮಿನ್ ಆಂಗ್ ಹ್ಲಾಯಿಂಗ್ ಮತ್ತೆ ಅಧಿಕಾರ ಕಿತ್ತುಕೊಂಡ. ಮೂರು ತಿಂಗಳ ಹಿಂದಿನ ಚುನಾವಣೆಯಲ್ಲಿ ಸೂ ಕಿ ಪಕ್ಷ ಭಾರಿ ಬಹುಮತದಿಂದ ಗೆದ್ದಿತ್ತು. ಐದು ತಿಂಗಳಲ್ಲಿ ಅವನಿಗೆ 65 ತುಂಬಿ ನಿವೃತ್ತನಾಗಬೇಕಿತ್ತು. ಮರುದಿನ ರಾತ್ರಿ ಎಂಟು ಗಂಟೆಗೆ ಯಾಂಗೂನಿನ ಮನೆಮನೆಯಲ್ಲೂ ಪಾತ್ರೆ ಬಡಿಯುವ ಸದ್ದು ಎದ್ದಿತು. ಪಾತ್ರೆ ಬಡಿದು ಮನೆಯ ದುಷ್ಟಶಕ್ತಿಯನ್ನು ಓಡಿಸುವುದು ಅಲ್ಲಿನ ಹಳೆಯ ರೂಢಿ. ನಾವೂ 2020ರಲ್ಲಿ ಬಾಲ್ಕನಿಯಲ್ಲಿ ನಿಂತು ತಟ್ಟೆ ಬಡಿದವರೇ. ನಾವು ಆಳುವವರು ಹೇಳಿದರೆಂದು ಬಡಿದೆವು, ಅವರು ಆಳುವವರು ತೊಲಗಲೆಂದು ಬಡಿದರು. ಹೆಂಗಸರು ತಮ್ಮ ಉಡುವ ಲುಂಗಿಗಳನ್ನು ಬೀದಿಗೆ ಅಡ್ಡಲಾಗಿ ಹಗ್ಗದ ಮೇಲೆ ನೇತುಹಾಕಿದರು. ಹೆಂಗಸಿನ ಬಟ್ಟೆಯ ಕೆಳಗೆ ನಡೆದರೆ ಗಂಡಸಿನ ತೇಜಸ್ಸು ಕುಂದುತ್ತದೆಂಬ ನಂಬಿಕೆ ಅಲ್ಲಿದೆ. ಸೈನಿಕರು ನಿಂತು ಒಂದೊಂದೇ ಬಟ್ಟೆ ಬಿಚ್ಚಿ ಮುಂದೆ ಹೋಗಬೇಕಾಯಿತು. ಅಷ್ಟರಲ್ಲಿ ಹುಡುಗರು ಓಡಿಹೋಗಲು ಹೊತ್ತು ಸಿಕ್ಕಿತು. ಹೆಣ್ಣನ್ನು ಕೀಳುಮಾಡಲು ಹುಟ್ಟಿದ ನಂಬಿಕೆಯನ್ನೇ ಹೆಣ್ಣುಮಕ್ಕಳು ಬೇಲಿ ಮಾಡಿಕೊಂಡರು. ಸರ್ಕಾರಿ ವೈದ್ಯರು ಎದೆಗೆ ಕೆಂಪು ರಿಬ್ಬನ್ ಕಟ್ಟಿ ಕೆಲಸ ಬಿಟ್ಟರು. ಹಿಂದೆಯೇ ಶಿಕ್ಷಕರು, ರೈಲ್ವೆ ನೌಕರರು, ಬ್ಯಾಂಕಿನವರು. ಅಂಗಡಿಗಳು ಸೈನ್ಯದ ಬಿಯರನ್ನು ಮಾರುವುದು ನಿಲ್ಲಿಸಿದವು.

ಬೆಲೆ ಕೊಡಬೇಕಾಯಿತು. ಕವಿ ಕೆ ಜಾ ವಿನ್ ಮಾರ್ಚ್ 3ರಂದು ಮೊನಿವಾದ ಬೀದಿಯಲ್ಲಿ ಗುಂಡಿಗೆ ಬಲಿಯಾದರು. ಕವಿ ಖೆಟ್ ಥಿ ಅವರನ್ನು ಮೇ ತಿಂಗಳಲ್ಲಿ ವಿಚಾರಣೆಗೆಂದು ಕರೆದೊಯ್ದರು. ಮರುದಿನ ಹೆಂಡತಿಗೆ ಸಿಕ್ಕದ್ದು ಹೆಣ. 2022ರ ಜುಲೈನಲ್ಲಿ ನಾಲ್ವರನ್ನು ಗಲ್ಲಿಗೇರಿಸಿದರು. ಅವರಲ್ಲಿ ಒಬ್ಬರು 1988ರ ವಿದ್ಯಾರ್ಥಿ ನಾಯಕ, ಇನ್ನೊಬ್ಬರು ಹಿಪ್‌ಹಾಪ್ ಹಾಡುಗಾರರಾಗಿದ್ದು ಸಂಸದರಾದವರು. 2023ರ ಏಪ್ರಿಲ್‌ನಲ್ಲಿ ಪಜಿಜಿ ಹಳ್ಳಿಯ ಮೇಲೆ ವಿಮಾನದಿಂದ ಬಾಂಬು ಹಾಕಿದಾಗ ಸತ್ತವರು 150ಕ್ಕೂ ಹೆಚ್ಚು. ಬೀದಿಯಲ್ಲಿ ಪಾತ್ರೆ ಬಡಿದ ಎಷ್ಟೋ ಹುಡುಗರು ಇಂದು ಕಾಡಿನಲ್ಲಿ ಬಂದೂಕು ಹಿಡಿದಿದ್ದಾರೆ. ಅದು ಸರಿಯೇ ಎಂದು ಹಾಸ್ಟೆಲ್ಲಿನಲ್ಲಿ ಕೂತು ತೀರ್ಪು ಕೊಡುವ ಯೋಗ್ಯತೆ ನನಗಿಲ್ಲ. ಅವರ ಮುಂದಿದ್ದ ಬೇರೆಲ್ಲ ಬಾಗಿಲುಗಳನ್ನು ಮುಚ್ಚಿದವರು ಯಾರೆಂಬುದು ಮಾತ್ರ ಗೊತ್ತಿದೆ.

*

ನನ್ನ ವಾದಕ್ಕೆ ಬರುವ ಆಕ್ಷೇಪಗಳನ್ನು ಬಲ್ಲೆ. ಮೆಸ್ಸಿನಲ್ಲಿ ಎಲ್ಲವನ್ನೂ ಕೇಳಿದ್ದೇನೆ.

ಮೊದಲನೆಯದು: "ಸೂ ಕಿ ಏನು ಸಾಚಾನಾ?" ಅಲ್ಲ. 2017ರಲ್ಲಿ ಸೈನ್ಯ ರೋಹಿಂಗ್ಯಾ ಹಳ್ಳಿಗಳನ್ನು ಸುಟ್ಟು ಏಳು ಲಕ್ಷ ಜನರನ್ನು ಬಾಂಗ್ಲಾದೇಶಕ್ಕೆ ಅಟ್ಟಿತು. 2019ರಲ್ಲಿ ಆಕೆ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ನಿಂತು ಅದೇ ಸೈನ್ಯದ ಪರವಾಗಿ ಮಾತಾಡಿದರು. ಅದಕ್ಕೆ ಕ್ಷಮೆ ಇಲ್ಲ. ಆದರೆ ಪಾಠವನ್ನು ಸರಿಯಾಗಿ ಓದಬೇಕು. 2008ರ ಸಂವಿಧಾನದಲ್ಲಿ ಸೈನ್ಯ ತನಗಾಗಿ ಕಾಲು ಭಾಗ ಸ್ಥಾನ ಇಟ್ಟುಕೊಂಡಿತ್ತು. ತಿದ್ದುಪಡಿಗೆ ಮುಕ್ಕಾಲಿಗಿಂತ ಹೆಚ್ಚು ಮತ ಬೇಕು ಎಂದೂ ಬರೆದಿತ್ತು. ಹಿಂದಿನ ಸೇನಾಡಳಿತದವರ ಮೇಲೆ ಕೇಸು ಹಾಕುವಂತಿಲ್ಲ ಎಂಬ ವಿಧಿಯೂ ಇತ್ತು. ಆ ಬೋನಿನೊಳಗೆ ರಾಜಿ ಮಾಡಿಕೊಳ್ಳುತ್ತ ಹೋದವರು ಹೇಗೆ ಕುಗ್ಗುತ್ತಾರೆ ಎಂಬುದಕ್ಕೆ ಆಕೆ ಉದಾಹರಣೆ. ಸೈನ್ಯ ಹಿಂದೆ ಸರಿದಂತೆ ಕಂಡರೂ ದೇಶದ ಮನಸ್ಸಿನಲ್ಲಿ ಕೂತೇ ಇರುತ್ತದೆ. 2021ರ ನಂತರ ಬೀದಿಗಿಳಿದ ಎಷ್ಟೋ ಬರ್ಮೀ ಯುವಕರು ರೋಹಿಂಗ್ಯಾಗಳ ಕ್ಷಮೆ ಕೇಳಿದ್ದಾರೆ. ಅದೇ ಬಂದೂಕು ತಮ್ಮ ಕಡೆ ತಿರುಗಿದ ಮೇಲೆ ಬಂದ ಅರಿವು ಅದು, ತಡವಾಗಿಯಾದರೂ ಬಂತು.

ಎರಡನೆಯದು: "ಮಿಲಿಟರಿ ಬಂದರೆ ಭ್ರಷ್ಟರನ್ನು ಜೈಲಿಗೆ ಹಾಕುತ್ತಾರಲ್ಲ." ಹಾಕುತ್ತಾರೆ. ಸೂ ಕಿ ಅವರನ್ನು ಹಾಕಿದ್ದೇ ಭ್ರಷ್ಟಾಚಾರದ ಆರೋಪದ ಮೇಲೆ. ಲೈಸೆನ್ಸಿಲ್ಲದ ವಾಕಿಟಾಕಿ ಇಟ್ಟುಕೊಂಡ ಆರೋಪವೂ ಸೇರಿ ಒಟ್ಟು 33 ವರ್ಷದ ಶಿಕ್ಷೆ ಬಿತ್ತು, ಆಮೇಲೆ 27ಕ್ಕೆ ಇಳಿಸಿದರು. 2004ರಲ್ಲಿ ಪ್ರಧಾನಿಯಾಗಿದ್ದ ಬೇಹುಗಾರಿಕೆ ಮುಖ್ಯಸ್ಥ ಖಿನ್ ನ್ಯೂಂಟ್ ಬಿದ್ದದ್ದೂ ಭ್ರಷ್ಟಾಚಾರದ ಹೆಸರಿನಲ್ಲೇ. 2023ರಲ್ಲಿ ಮಿನ್ ಆಂಗ್ ಹ್ಲಾಯಿಂಗ್‌ನ ಆಪ್ತ ಜನರಲ್ ಒಬ್ಬನಿಗೂ ಅದೇ ಗತಿ. ಕಳ್ಳರ ಮನೆಯಲ್ಲಿ ಪಾಲಿನ ಜಗಳಕ್ಕೂ ಕೋರ್ಟು ಎಂಬ ಹೆಸರಿದೆ, ಅಷ್ಟೆ.

ಮೂರನೆಯದು: "ದಕ್ಷಿಣ ಕೊರಿಯಾ ಉದ್ಧಾರವಾಗಲಿಲ್ಲವಾ?" ಕೊರಿಯಾದ ಸರ್ವಾಧಿಕಾರಿ ಚುನ್ ಡೂ ಹ್ವಾನ್ 1980ರಲ್ಲಿ ಗ್ವಾಂಗ್ಜು ನಗರದಲ್ಲಿ ಜನರನ್ನು ಕೊಲ್ಲಿಸಿದ, ಉದ್ಯಮಿಗಳಿಂದ ಕೋಟಿಗಟ್ಟಲೆ ಬಾಚಿದ. ಅದು ಹೊರಬಂದದ್ದು, ಅವನಿಗೆ ಶಿಕ್ಷೆಯಾದದ್ದು 1990ರ ದಶಕದಲ್ಲಿ, 1987ರಲ್ಲಿ ಜನ ಬೀದಿಗಿಳಿದು ಪ್ರಜಾಪ್ರಭುತ್ವ ತಂದುಕೊಂಡ ಮೇಲೆ. ಕೊರಿಯಾದ ಪಾಠವೂ ಬರ್ಮಾದ ಪಾಠವೇ.

ನಾಲ್ಕನೆಯದು, ಎಲ್ಲಕ್ಕಿಂತ ಗಟ್ಟಿಯಾದದ್ದು: "ನಮ್ಮ ಸೈನ್ಯ ಹಾಗಲ್ಲ." ಒಪ್ಪುತ್ತೇನೆ. ಏಕೆ ಹಾಗಲ್ಲ ಎಂದು ಮಾತ್ರ ಕೇಳುತ್ತೇನೆ. ನಮ್ಮ ಸೈನಿಕರು ಬೇರೆ ಮಣ್ಣಿನಿಂದ ಹುಟ್ಟಿಲ್ಲ. ಅವರ ಸಂಬಳ ಸಂಸತ್ತು ಕೊಡುತ್ತದೆ, ಅವರ ಖರ್ಚನ್ನು ಮಹಾಲೇಖಪಾಲರು ತಪಾಸಣೆ ಮಾಡುತ್ತಾರೆ, ಅವರ ಮೇಲೆ ಚುನಾಯಿತ ಮಂತ್ರಿ ಇರುತ್ತಾನೆ. ಅವರನ್ನು ರಾಜಕೀಯದಿಂದ ದೂರ ಇಟ್ಟದ್ದರಿಂದಲೇ ಅವರಿಗೆ ಆ ಗೌರವ ಉಳಿದಿದೆ. ಬೀಡಿ ಹಚ್ಚಿದ ಹವಾಲ್ದಾರರಿಗೆ ಇದು ಗೊತ್ತಿತ್ತು. ಚಿಕ್ಕಪ್ಪ ಸೈನ್ಯವನ್ನು ಹೊಗಳುತ್ತಿದ್ದರು, ಅವರು ಸೈನ್ಯವನ್ನು ಕಾಪಾಡುತ್ತಿದ್ದರು.

*

ಬರ್ಮಾ ನಮಗೆ ದೂರವೆಂದುಕೊಂಡರೆ ಅದೂ ತಪ್ಪು. 1960ರ ದಶಕದಲ್ಲಿ ನೆ ವಿನ್ ಅಂಗಡಿ ಮಳಿಗೆಗಳನ್ನೆಲ್ಲ ರಾಷ್ಟ್ರೀಕರಣ ಮಾಡಿದಾಗ ಸುಮಾರು ಮೂರು ಲಕ್ಷ ಭಾರತೀಯ ಮೂಲದವರು ಬರಿಗೈಯಲ್ಲಿ ಹಡಗು ಹತ್ತಿದರು. ಚೆನ್ನೈನ ಬರ್ಮಾ ಬಜಾರ್ ಅವರ ಗುರುತು. 2021ರ ನಂತರ ಚಿನ್ ರಾಜ್ಯದಿಂದ 30,000ಕ್ಕೂ ಹೆಚ್ಚು ನಿರಾಶ್ರಿತರು ಮಿಜೋರಾಮಿಗೆ ಬಂದರು. ತಡೆಯಿರಿ ಎಂದು ಕೇಂದ್ರ ಹೇಳಿದರೂ ಆ ಪುಟ್ಟ ರಾಜ್ಯ ಬಾಗಿಲು ಮುಚ್ಚಲಿಲ್ಲ. ಅದೇ ಹೊತ್ತಿಗೆ, ವಿಶ್ವಸಂಸ್ಥೆಯ ವಿಶೇಷ ವರದಿಗಾರ 2023ರಲ್ಲಿ ಹೇಳಿದಂತೆ, ದಂಗೆಯ ನಂತರ ಬರ್ಮಾ ಸೈನ್ಯಕ್ಕೆ ಹೋದ ಸುಮಾರು 100 ಕೋಟಿ ಡಾಲರಿನ ಶಸ್ತ್ರ ಮತ್ತು ಸಾಮಗ್ರಿಯಲ್ಲಿ 5.1 ಕೋಟಿ ಡಾಲರಿನಷ್ಟು ಭಾರತದಿಂದ ಹೋದದ್ದು. ಬೆಂಗಳೂರಿನಲ್ಲಿ ಮುಖ್ಯ ಕಚೇರಿ ಇರುವ ಒಂದು ಸಾರ್ವಜನಿಕ ಉದ್ದಿಮೆಯ ಹೆಸರೂ ಆ ವರದಿಯಲ್ಲಿದೆ.

ಇನ್ನೊಂದು ದಾರಿಯೂ ಇದೆ, ಅದು ನೇರ ನಮ್ಮ ಜೇಬಿಗೆ ಬರುತ್ತದೆ. ಬರ್ಮಾ ಥೈಲ್ಯಾಂಡ್ ಗಡಿಯ ಮ್ಯಾವಡಿಯಲ್ಲಿ, ಸೈನ್ಯದ ಜೊತೆ ಕೈಜೋಡಿಸಿದ ಗಡಿ ಪಡೆಯ ನೆರಳಿನಲ್ಲಿ, ಸೈಬರ್ ವಂಚನೆಯ ಊರುಗಳೇ ಎದ್ದಿವೆ. ಕೆಲಸದ ಆಸೆಗೆ ಹೋದ ನಮ್ಮ ಹುಡುಗರನ್ನು ಕೂಡಿಹಾಕಿ, ಹೊಡೆದು, ನಮಗೇ ಫೋನು ಮಾಡಿಸಿದರು. 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನಗಳಲ್ಲಿ 549 ಭಾರತೀಯರನ್ನು ವಾಪಸು ತರಬೇಕಾಯಿತು. ಹೋದ ತಿಂಗಳು ಚಿಕ್ಕಪ್ಪನಿಗೂ "ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕವಸ್ತು ಸಿಕ್ಕಿದೆ, ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ" ಎಂದು ಪೊಲೀಸ್ ಡ್ರೆಸ್ಸಿನವನೊಬ್ಬ ವಿಡಿಯೋ ಕರೆ ಮಾಡಿದ. ಅದು ಎಲ್ಲಿಂದ ಬಂತೋ ಗೊತ್ತಿಲ್ಲ. ಆದರೆ ಸಮವಸ್ತ್ರ ಕಂಡೊಡನೆ ಚಿಕ್ಕಪ್ಪ ಎದ್ದು ನಿಂತುಬಿಟ್ಟಿದ್ದರಂತೆ. ಚಿಕ್ಕಮ್ಮ ಫೋನು ಕಿತ್ತು ಕಟ್ ಮಾಡಿದ್ದರಿಂದ ದುಡ್ಡು ಉಳಿಯಿತು.

ನನ್ನ ಐನೂರು ಹೋಯಿತು, ಅದು ಬರುವುದಿಲ್ಲ. ಕೊಟ್ಟದ್ದು ನನ್ನ ತಪ್ಪೂ ಹೌದು. ಆಮೇಲೆ ನಾನು ಮಾಡಿದ್ದು ಒಂದೇ ಕೆಲಸ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿ, ಆ ತಿಂಗಳು ಆ ಕಚೇರಿಗೆ ಬಂದ ಆದಾಯ ಪ್ರಮಾಣ ಪತ್ರದ ಅರ್ಜಿಗಳೆಷ್ಟು, ಪ್ರತಿಯೊಂದೂ ಎಷ್ಟು ದಿನಕ್ಕೆ ವಿಲೇವಾರಿಯಾಯಿತು ಎಂದು ಮಾಹಿತಿ ಹಕ್ಕಿನಡಿ ಕೇಳಿದೆ. ಮೂವತ್ತು ದಿನದಲ್ಲಿ ಉತ್ತರ ಬರಬೇಕಿತ್ತು, ಬರಲಿಲ್ಲ. ಮೊದಲ ಮೇಲ್ಮನವಿ ಹಾಕಿದೆ. ಈಗ ಎರಡನೆಯದರ ಸರದಿ. ಇದು ನಿಧಾನ, ಬೇಸರದ ಕೆಲಸ, ಯಾರಿಗೂ ರೋಮಾಂಚನವಾಗುವುದಿಲ್ಲ. ಆದರೆ ಮೊನ್ನೆ ಸ್ವೀಕೃತಿಗೆಂದು ಹೋದಾಗ ಸಾಹೇಬರು ನನ್ನ ಮುಖ ನೋಡಿ "ಅದೇನಮ್ಮ ನಿಂದು, ಬಿಡೋದೇ ಇಲ್ವಲ್ಲ" ಎಂದು ಗೊಣಗಿಕೊಂಡು ಸೀಲು ಒತ್ತಿದರು. ಗೊಣಗಿದರು, ಅಷ್ಟೆ. ಹಿಂದೆ ಯಾರೂ ಬಂದೂಕು ಹಿಡಿದು ನಿಂತಿರಲಿಲ್ಲ. ಸೀಲು ಬಿದ್ದ ಆ ಕಾಗದವನ್ನು ಮನೆಗೆ ತಂದು ಚಿಕ್ಕಪ್ಪನಿಗೆ ತೋರಿಸಿದ್ದೇನೆ.